ಎರಡು ಬಾಯಿಯ ಕಾರ್ನೆಟ್

ಹುಣಸೆಹಣ್ಣು ಹಿತ್ತಾಳೆಗೆ ತಾಕಿದ ಕೂಡಲೇ ಒಂದು ವಾಸನೆ ಏಳುತ್ತದೆ, ನಿಮಗೂ ಗೊತ್ತಿರಬೇಕು. ಪೂರ್ತಿ ಹುಳಿಯೂ ಅಲ್ಲ, ಪೂರ್ತಿ ಲೋಹವೂ ಅಲ್ಲ, ಮೂಗಿನಿಂದ ಒಳಗಿಳಿದು ನಾಲಿಗೆಯ ಬುಡದಲ್ಲಿ ಹೋಗಿ ಕೂತುಬಿಡುವಂಥದು. ಹಬ್ಬ ಹತ್ತಿರ ಬಂತೆಂದರೆ ನಮ್ಮ ಕಾಂದಿವಲಿಯ ಬಿಲ್ಡಿಂಗಿನಲ್ಲಿ ನಾಲ್ಕು ಮನೆಯ ಕಿಟಕಿಯಿಂದಾದರೂ ಆ ವಾಸನೆ ಹೊರಡುತ್ತದೆ. ಮೇಲಿನ ಮನೆಯ ಹೆಂಗಸು "ಆಹಾ, ಈಗ ಹಬ್ಬ ಅನಿಸ್ತು ನೋಡ್ರಿ" ಅನ್ನುತ್ತಾರೆ. ನಾನು ಕಿಟಕಿ ಹಾಕಿಕೊಂಡು ಫ್ಯಾನು ಜೋರು ಮಾಡಿಕೊಂಡು ಕೂರುತ್ತೇನೆ. ಸೊಸೆ ತವರಿನಿಂದ ತಂದ ಜೋಡಿ ಸಮೆ, ಆ ಹಿತ್ತಾಳೆಯ ದೀಪದ ಕಂಬಗಳು, ಇವತ್ತಿಗೂ ಅಟ್ಟದ ಮೇಲೆ ಗೋಣಿಚೀಲದಲ್ಲಿವೆ. ಅತ್ತೆಗೆ ಹಿತ್ತಾಳೆ ಅಂದರೆ ಅಲರ್ಜಿ ಅಂತ ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಅಲರ್ಜಿ ಅಲ್ಲ ತಾಯಿ, ಹೇಸಿಗೆ. ಯಾರ ಮೇಲಿನ ಹೇಸಿಗೆ ಅಂತ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ.

ಐವತ್ತರ ದಶಕದಲ್ಲಿ ನಾವು ಗೋರೆಗಾಂವ್ ಸ್ಟೇಷನ್ನಿನ ಹತ್ತಿರದ ಒಂದು ಚಾಳಿನಲ್ಲಿದ್ದೆವು. ಮೊದಲನೇ ಮಾಳಿಗೆ, ಎರಡು ಖೋಲಿ, ಮುಂದೆ ಉದ್ದಾನುದ್ದ ಕಟ್ಟಿಗೆಯ ಗ್ಯಾಲರಿ. ಬೆಳಿಗ್ಗೆ ಎದ್ದರೆ ಒಂದು ಕಡೆಯಿಂದ ಲೋಕಲ್ ರೈಲಿನ ಸದ್ದು, ಇನ್ನೊಂದು ಕಡೆಯಿಂದ ತಬೇಲೆಯ ಎಮ್ಮೆಗಳ ಸಗಣಿ ವಾಸನೆ, ನಡುವೆ ನಲ್ಲಿಯ ಮುಂದೆ ಕೊಡಗಳ ಜಗಳ. ಧಾರವಾಡದಿಂದ ಬಂದ ನನ್ನ ಅಜ್ಜಿ, ಅಪ್ಪನ ತಾಯಿ, ತನ್ನ ಮಡಿಯನ್ನೆಲ್ಲ ಟ್ರಂಕಿನಲ್ಲಿ ತುಂಬಿಕೊಂಡು ಬಂದಿದ್ದಳು ಅಂತ ಕಾಣುತ್ತದೆ. ಒಳಗಿನ ಖೋಲಿಯ ನೆಲಕ್ಕೆ ಇದ್ದಲಿನಿಂದ ಒಂದು ಗೆರೆ ಎಳೆದಿದ್ದಳು. ಆ ಗೆರೆಯ ಆಚೆ ಒಲೆ, ದೇವರು, ಅಜ್ಜಿ, ಈಚೆ ನಾವು. ಲೋಟವನ್ನು ತುಟಿಗೆ ಹಚ್ಚಿ ನೀರು ಕುಡಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಎತ್ತಿ ಹಿಡಿದು ಗಂಟಲಿಗೆ ಸುರಿದುಕೊಳ್ಳಬೇಕು, ಒಂದು ಹನಿ ಗಲ್ಲಕ್ಕೆ ಬೀಳಬಾರದು. ಕಡಿದ ಪೇರಲಹಣ್ಣನ್ನು ಗೆಳತಿಗೆ ಕೊಟ್ಟರೆ ಎಂಜಲು, ಗೆಳತಿ ಕಡಿದದ್ದು ತಿಂದರೆ ಮಹಾ ಎಂಜಲು. ನಾನು ಅಜ್ಜಿಯ ಮುದ್ದಿನ ಶಿಷ್ಯೆ. ಹತ್ತು ವರ್ಷದ ಹುಡುಗಿ, ಶಾಲೆಯಲ್ಲಿ ಯಾರಾದರೂ ಪೆನ್ಸಿಲ್ಲು ಕಚ್ಚಿದರೆ ಮೂಗು ಮುರಿದು ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದೆ. ಎಂಥ ಜಂಬ ಅಂತೀರಿ! ಈಗ ನೆನೆಸಿಕೊಂಡರೆ ಆ ಹುಡುಗಿಯ ಕಪಾಳಕ್ಕೆ ಬಾರಿಸಬೇಕು ಅನಿಸುತ್ತದೆ.

ಅಪ್ಪ ಫೋರ್ಟಿನಲ್ಲಿ ಹಡಗಿನ ಕಂಪನಿಯೊಂದರ ಗುಮಾಸ್ತ. ಬೆಳಿಗ್ಗೆ ಎಂಟೂಕಾಲಿನ ಲೋಕಲಿಗೆ ಹೋದರೆ ಸಂಜೆ ಏಳಕ್ಕೆ ಬೆವರು, ಕಬ್ಬಿಣ, ಬೀಡಿ ವಾಸನೆ ಮೈಗೆಲ್ಲ ಹಚ್ಚಿಕೊಂಡು ಬರುತ್ತಿದ್ದರು. ಕೋಟು ಗೂಟಕ್ಕೆ ಹಾಕಿ, ಸ್ನಾನ ಮಾಡಿ, ಉಂಡು, ಗೋಡೆಗೆ ಆತು ಕೂತುಬಿಡುವುದು. ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವರು ಧಾರವಾಡದಲ್ಲಿ ಪಾದ್ರಿಗಳ ಶಾಲೆಯಲ್ಲಿ ಓದುವಾಗ ಬ್ಯಾಂಡಿನಲ್ಲಿ ಕಾರ್ನೆಟ್, ಅಂದರೆ ಮೂರು ಗುಂಡಿಯ ಪುಟ್ಟ ಹಿತ್ತಾಳೆ ಕಹಳೆ, ಊದುತ್ತಿದ್ದರು. ಅಜ್ಜ ಒಂದು ದಿನ ಶಾಲೆಗೇ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದಿದ್ದರು. ಇದನ್ನೆಲ್ಲ ನಮಗೆ ಹೇಳಿದವಳು ಅವ್ವ. ಅಪ್ಪ ಆ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಅವರು ಪೀಪಿ ಕೂಡ ಮುಟ್ಟಿರಲಿಲ್ಲವಂತೆ.

ಹೀಗಿರುವಾಗ ಒಂದು ಸಂಜೆ ಲೋಕಲಿನಲ್ಲಿ ಎದುರಿನ ಸೀಟಿನ ಮನುಷ್ಯನೊಬ್ಬ ಟಿಫಿನ್ ಡಬ್ಬಿಯ ಮೇಲೆ ಬಲಗೈಯ ಮೂರು ಬೆರಳು ಆಡಿಸುತ್ತ ಕೂತಿದ್ದನಂತೆ. ಬೇರೆಯವರಿಗೆ ಅದು ಬರೀ ಚಡಪಡಿಕೆ. ಅಪ್ಪ ಆ ಬೆರಳು ನೋಡುತ್ತ ನೋಡುತ್ತ ತಮ್ಮ ಮಂಡಿಯ ಮೇಲೆ ಅದೇ ಮೂರು ಬೆರಳು ಆಡಿಸಿದರು. ಅಂಧೇರಿ ಬರುವಷ್ಟರಲ್ಲಿ ಇಬ್ಬರೂ ಒಂದೇ ಹಾಡು ನಡೆಸಿದ್ದರು, ಸದ್ದೇ ಇಲ್ಲದೆ. ಆತನೇ ಯಲ್ಲಪ್ಪ. ನಮ್ಮ ಕಡೆಯ ಒಂದು ಸಣ್ಣ ಸಂಸ್ಥಾನದ ಬ್ಯಾಂಡಿನಲ್ಲಿದ್ದವರು. ಸಂಸ್ಥಾನ ಮುಳುಗಿತು, ರಾಜರು ಮನೆಗೆ ಹೋದರು, ಬ್ಯಾಂಡಿನವರು ಬೀದಿಗೆ ಬಂದರು. ಅವರು ಮುಂಬಯಿಗೆ ಬಂದು ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಬೆಸುಗೆ ಕೆಲಸಕ್ಕೆ ನಿಂತಿದ್ದರು. ಊರ ಹೊರಗಿನ ಕೇರಿಯವರು. ಯಲ್ಲಪ್ಪನವರು ಅಂತ ಈಗ ಅನ್ನುತ್ತೇನೆ. ಆಗ ನಮ್ಮ ಮನೆಯಲ್ಲಿ ಅಪ್ಪನೊಬ್ಬರನ್ನು ಬಿಟ್ಟು ಎಲ್ಲರಿಗೂ ಅವರು ಬರೀ 'ಅಂವ'.

ಮುಂದಿನ ತಿಂಗಳಿನಲ್ಲಿ ಈ ಇಬ್ಬರು ಎಂಟು ಮಂದಿಯಾದರು. ಎಲ್ಲರೂ ನಲವತ್ತರ ಆಚೀಚೆಯವರು, ಎಂದೋ ಎಲ್ಲೋ ಬಾರಿಸಿ ಊದಿ ಬಿಟ್ಟವರು. ಅದರಲ್ಲಿ ನನಗೆ ಚೆನ್ನಾಗಿ ನೆನಪಿರುವವರು ಫೋರ್ಟಿನ ಉಡುಪಿ ಹೋಟೆಲಿನ ಮ್ಯಾನೇಜರ್ ಸಂಜೀವ ಶೆಟ್ಟರು. ಯುದ್ಧದ ಕಾಲದಲ್ಲಿ ಮಿಲಿಟರಿ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸಿದ್ದರಂತೆ. "ನನ್ನ ಹೊಟ್ಟೆ ಉಂಟಲ್ಲ ಮಾರಾಯ್ರೆ, ಡ್ರಮ್ಮಿಗೆ ಅದೇ ಸ್ಟ್ಯಾಂಡು" ಅಂತ ತಾವೇ ಹೇಳಿಕೊಂಡು ನಗುತ್ತಿದ್ದರು. ಚೋರ್ ಬಜಾರಿನಲ್ಲಿ ಹುಡುಕಿ ಹಳೆಯ ವಾದ್ಯಗಳನ್ನು ತಂದರು. ಕಾರ್ನೆಟ್ ಮಾತ್ರ ಒಂದೇ ಸಿಕ್ಕಿತು. ಭಾನುವಾರ ಬೆಳಿಗ್ಗೆ ತಬೇಲೆಯ ಆಚೆಯ ಬಯಲಿನಲ್ಲಿ ಸಾಲಾಗಿ ನಿಂತು ಕವಾಯತು ಮಾಡುತ್ತ ಊದುವುದು, ಬಾರಿಸುವುದು. ಅವರಿಗೆಲ್ಲ ಪೂರ್ತಿ ಬರುತ್ತಿದ್ದುದು ಒಂದೇ ಹಾಡು, ಯಲ್ಲಪ್ಪನವರು ಕಲಿಸಿದ್ದು, ರಾಜರು ಊಟಕ್ಕೆ ಬರುವಾಗ ಅರಮನೆಯಲ್ಲಿ ಬಾರಿಸುತ್ತಿದ್ದ ಮಾರ್ಚು. ಅಪ್ಪ ಬದಲಾದ ರೀತಿ ಏನು ಹೇಳಲಿ! ಚಾಳಿನ ಮೆಟ್ಟಿಲನ್ನು ಎರಡೆರಡಾಗಿ ಏರುತ್ತಿದ್ದರು. ಸ್ನಾನದ ಮೋರಿಯಲ್ಲಿ ತುಟಿ ಬಿಗಿದು ಬುರ್ರ್ ಅನ್ನಿಸುತ್ತಿದ್ದರು. ಅವ್ವ ಅವರ ಬಿಳಿ ಪ್ಯಾಂಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಅಜ್ಜಿ ಕೂಡ ಸುಮ್ಮನಿದ್ದಳು. ವಾದ್ಯ ಒಳಗೆ ತರಬಾರದು, ಗ್ಯಾಲರಿಯ ಗೂಟಕ್ಕೇ ಇರಲಿ, ಅಷ್ಟೇ ಅವಳ ಕರಾರು. ತನ್ನ ಎಂಜಲು ತನಗೆ, ಊದಿಕೊಳ್ಳಲಿ ಬಿಡು ಅಂದುಕೊಂಡಿದ್ದಳು.

ಒಂದು ಭಾನುವಾರ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಅಷ್ಟು ಖುಷಿಯಾಗಿದ್ದರು, ಯಾರಿಗಾದರೂ ತೋರಿಸಬೇಕಾಗಿತ್ತು ಪಾಪ, ನನ್ನನ್ನು ಆರಿಸಿಕೊಂಡರು. ಮಳೆಗಾಲ ಮುಗಿದು ಹುಲ್ಲು ಮಂಡಿಯುದ್ದ ಬೆಳೆದಿತ್ತು. ಎಂಟು ಜನ ಬೊಜ್ಜಿನವರು, ಬೋಳುತಲೆಯವರು, ಕನ್ನಡಕದವರು ಎದೆ ಉಬ್ಬಿಸಿಕೊಂಡು ಎಡ ಬಲ ಹೆಜ್ಜೆ ಹಾಕುತ್ತ ಬಂದರು. ಹೆಜ್ಜೆ ತಪ್ಪುತ್ತಿದ್ದರು, ಶಾಲೆಯ ಹುಡುಗರ ಹಾಗೆ ಒಬ್ಬರನ್ನೊಬ್ಬರು ಬೈಯುತ್ತಿದ್ದರು, ಮತ್ತೆ ನಕ್ಕು ಮೊದಲಿಂದ ಶುರು ಮಾಡುತ್ತಿದ್ದರು. ಕಾರ್ನೆಟ್ಟಿನ ತುಟಿ ಅಂದರೆ ದಿನಾ ಊದಿ ಪಳಗಬೇಕು. ವಾರಕ್ಕೊಮ್ಮೆ ಊದುವವರ ತುಟಿ ಅರ್ಧ ಹಾಡಿಗೇ ಸೋತುಬಿಡುತ್ತಿತ್ತು. ಅದಕ್ಕೆ ಅಪ್ಪ, ಯಲ್ಲಪ್ಪ ಒಂದು ಉಪಾಯ ಮಾಡಿಕೊಂಡಿದ್ದರು. ಅಕ್ಕಪಕ್ಕ ನಡೆಯುವುದು. ಒಬ್ಬರ ತುಟಿ ಸೋಲುವ ಹೊತ್ತಿಗೆ ಹೆಜ್ಜೆ ಬಿಡದೆ, ತಾಳ ಬಿಡದೆ, ಕಾರ್ನೆಟ್ಟನ್ನು ಪಕ್ಕಕ್ಕೆ ಚಾಚುವುದು. ಇನ್ನೊಬ್ಬರು ಕಸಿದುಕೊಂಡವರಂತೆ ತೆಗೆದುಕೊಂಡು ಮುಂದಿನ ಸ್ವರಕ್ಕೇ ಬಾಯಿ ಹಚ್ಚುವುದು. ಕಣ್ಣು ಮುಚ್ಚಿ ಕೇಳಿದರೆ ಒಬ್ಬನೇ ಊದಿದ ಹಾಗೆ. ಪ್ರತಿ ಸಲ ಹಾಗೆ ದಾಟಿಸಿದಾಗಲೂ ಇಬ್ಬರ ಮುಖದಲ್ಲೂ ಒಂದು ನಗು ಬರುತ್ತಿತ್ತು. ಅಪ್ಪನ ಆ ನಗು ನಾನು ಮನೆಯಲ್ಲಿ ಎಂದೂ ಕಂಡದ್ದಲ್ಲ, ಆಮೇಲೂ ಕಾಣಲಿಲ್ಲ.

ನಾನು ಕಂಡದ್ದು ಆ ನಗುವನ್ನಲ್ಲ ನೋಡ್ರಿ, ಉಗುಳನ್ನು. ಹಾಡು ಮುಗಿದ ಮೇಲೆ ಯಲ್ಲಪ್ಪ ಕಾರ್ನೆಟ್ಟಿನ ಕೆಳಗಿದ್ದ ಪುಟ್ಟ ಬಾಗಿಲಿನಂಥದನ್ನು ಒತ್ತಿದರು. ಒಳಗೆ ಕೂತಿದ್ದ ಜೊಲ್ಲೆಲ್ಲ ದಾರವಾಗಿ ಹುಲ್ಲಿಗೆ ಇಳಿಯಿತು, ಬಿಸಿಲಿಗೆ ಹೊಳೆಯಿತು. ಯಾರದು ಎಷ್ಟು ಅಂತ ಹೇಳಲಾಗದ ಇಬ್ಬರ ಜೊಲ್ಲು. ಥೂ! ನಾನು ಆಚೆ ಹೋಗಿ ನಿಂತೆ. ಮರುಗಳಿಗೆ ಅಪ್ಪ ಅದನ್ನೇ ಇಸಿದುಕೊಂಡು ತುಟಿಗೆ ಹಚ್ಚಿದರು. ಮನೆಗೆ ಬರುವಾಗ ಅವರು ನನ್ನ ಕೈ ಹಿಡಿಯಲು ಬಂದರೆ ನಾನು ಕೈಯನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡೆ. ಚಲೋ ಇತ್ತೇನು ಕುಸುಮಾ ಅಂತ ಎರಡು ಸಲ ಕೇಳಿದರು. ಎರಡು ಸಲವೂ ನಾನು ನಾಲ್ಕು ಹೆಜ್ಜೆ ಮುಂದೆ ಓಡಿದೆ.

ಮನೆಗೆ ಬಂದವಳೇ ಗೆರೆಯ ಅಂಚಿಗೆ ಹೋಗಿ ಕೂತು ಅಜ್ಜಿಗೆ ಎಲ್ಲ ವರದಿ ಒಪ್ಪಿಸಿದೆ. ಬರೀ ಹೇಳಿದ್ದಲ್ಲ, ಅಭಿನಯ ಮಾಡಿ ತೋರಿಸಿದೆ. ಲಟ್ಟಣಿಗೆಯನ್ನು ಕಾರ್ನೆಟ್ ಮಾಡಿಕೊಂಡು ಅವರ ಬಾಯಿಂದ ಇವರ ಬಾಯಿಗೆ ಹೇಗೆ ಹೋಗುತ್ತದೆ, ಜೊಲ್ಲು ಹೇಗೆ ಸುರಿಯುತ್ತದೆ, ಒಂದನ್ನೂ ಬಿಡಲಿಲ್ಲ. ಅಜ್ಜಿಯ ಜಪಮಣಿ ನಿಂತಿತು. "ಏನಂದಿ? ಅಂವ ಬಾಯಿ ಹಚ್ಚಿದ್ದಕ್ಕ ಇಂವ ಬಾಯಿ ಹಚ್ಚಿದ್ನ?" ಅಂತ ಮೂರು ಸಲ ಕೇಳಿದಳು. ಮೂರು ಸಲವೂ ನಾನು ಹೂಂ ಅಂದೆ. ಮೂರನೇ ಹೂಂಗೆ ನನಗೆ ಒಳಗೊಳಗೇ ಖುಷಿಯಾಗಿತ್ತು, ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಮರುದಿನ ಅಪ್ಪ ಆಫೀಸಿಗೆ ಹೋದ ಮೇಲೆ, ಅವ್ವ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ಅಜ್ಜಿ ನನ್ನನ್ನು ಕರೆದಳು. ಅವಳಿಗೆ ಮಗನ ಸಂತೋಷ ಕೆಡಿಸುವ ಮನಸ್ಸಿರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಶುದ್ಧ ಮಾಡಿಕೊಟ್ಟರೆ ಇನ್ನು ಮುಂದೆ ತನ್ನದನ್ನು ತಾನೊಬ್ಬನೇ ಊದಿಕೊಂಡಿರಲಿ, ಇಷ್ಟೇ ಅವಳ ಲೆಕ್ಕ. ಪರರು ಮುಟ್ಟಿದ ಹಿತ್ತಾಳೆಯ ಪಾತ್ರೆಯನ್ನು ನಮ್ಮಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಆಮೇಲೆ ಬೆಂಕಿಗೆ ಹಿಡಿದರೆ ಮೈಲಿಗೆ ಹೋಯಿತು ಅಂತ ಅರ್ಥ. ಅದೇ ಶಾಸ್ತ್ರವನ್ನು ಕಾರ್ನೆಟ್ಟಿಗೂ ಹಚ್ಚಿದಳು. ತಾನು ಮುಟ್ಟುವಂತಿಲ್ಲ, ನಾನು ತಿಕ್ಕಿದೆ. ಗ್ಯಾಲರಿಯಲ್ಲಿ ಕೂತು, ಮೂಗಿಗೆ ಹಳೆ ಸೀರೆಯ ಚೂರು ಕಟ್ಟಿಕೊಂಡು, ನಾರಿನಿಂದ ಉಜ್ಜಿದೆ. ಹುಣಸೆಯ ರಸ ಗುಂಡಿಗಳ ಒಳಗೆ ಇಳಿಯಿತು, ನಾರಿನ ಚೂರು ಕೊಳವೆಯಲ್ಲಿ ಸಿಕ್ಕಿಕೊಂಡಿತು, ಆ ವಾಸನೆ ಕೈಗೆ, ಲಂಗಕ್ಕೆ, ಕೂದಲಿಗೆ ಹತ್ತಿತು. ಆಮೇಲೆ ಸಿಗಡಿಯ, ಅಂದರೆ ಇದ್ದಲಿನ ಒಲೆಯ, ಕೆಂಡ ಊದಿ ಕೆಂಪಗೆ ಮಾಡಿ ಅದರ ಮೇಲೆ ಇಟ್ಟೆ. ಇನ್ನಷ್ಟು ಹೊತ್ತು ಇರಲಿ, ಇನ್ನಷ್ಟು ಹೊತ್ತು, ಅಂತ ಅಜ್ಜಿ ಒಳಗಿನಿಂದ ಹೇಳುತ್ತಿದ್ದಳು. ಪಾತ್ರೆಯನ್ನು ಎರಕ ಹೊಯ್ದಿರುತ್ತಾರೆ, ಬಡಿದು ಮಾಡಿರುತ್ತಾರೆ, ಅದಕ್ಕೆ ಕೆಂಡ ಏನು ಮಾಡೀತು? ಕಾರ್ನೆಟ್ ಅಂದರೆ ಹತ್ತಾರು ಕೊಳವೆಗಳನ್ನು ಸೀಸದಲ್ಲಿ ಬೆಸೆದಿರುವಂಥದು. ಇದು ನಮಗೆ ಹೇಗೆ ಗೊತ್ತಾಗಬೇಕು? ಬೆಳ್ಳಗೆ ಏನೋ ಕರಗಿ ಕೆಂಡದ ಮೇಲೆ ಹನಿಯಿತು. ಮತ್ತೆ ನೋಡುವುದರಲ್ಲಿ ಒಂದೊಂದೇ ಕೊಳವೆ ಕಳಚಿಕೊಂಡು ಕೆಳಗೆ ಉರುಳಿತು.

ಸಂಜೆ ಅಪ್ಪ ಬಂದಾಗ ಗೂಟದ ಕೆಳಗೆ ತಗಡಿನ ಮೊರದಲ್ಲಿ ಕಾರ್ನೆಟ್ ರಾಶಿಯಾಗಿ ಬಿದ್ದಿತ್ತು. ಅವರು ಕೋಟು ಕೂಡ ತೆಗೆಯದೆ ಗ್ಯಾಲರಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ಈ ಕೊಳವೆಗೆ ಆ ಕೊಳವೆ ಸೇರಿಸಿ ಸೇರಿಸಿ ನೋಡಿದರು. ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಮೂರನೇ ದಿನ ಸುದ್ದಿ ತಿಳಿದು ಯಲ್ಲಪ್ಪನವರು ಚಾಳಿಗೇ ಬಂದರು. ಮೆಟ್ಟಿಲ ತುದಿಯಲ್ಲೇ ನಿಂತರು, ಮುಂದೆ ಬರಲಿಲ್ಲ. ಅಪ್ಪ ಮೊರವನ್ನು ಅಲ್ಲಿಗೇ ತಂದಿಟ್ಟರು. ಒಂದು ತುಂಡು ಎತ್ತಿಕೊಂಡು ಮೂಸಿ ನೋಡಿ, ಬೆಂಕಿಗೆ ಬಿತ್ತೇನ್ರಿ ಸಾಹೇಬ್ರ ಅಂತ ಕೇಳಿದರು. ಅಪ್ಪ, ಹೌದು, ಕೈತಪ್ಪಿ ಬಿತ್ತು ಅಂದರು. ಬೆಸುಗೆಯವರಿಗೆ ಅಷ್ಟು ಗೊತ್ತಾಗದೇ? ಆದರೂ "ಚಿಂತಿ ಮಾಡಬ್ಯಾಡ್ರಿ. ಮೆರವಣಿಗಿಗೆ ಇನ್ನೂ ಎಂಟು ದಿನ ಅದ, ನಾ ಬೆಸದು ತರತೇನಿ" ಅಂದು ತುಂಡುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡರು. ಆ ವರ್ಷ ದಸರೆಗೆ ನಮ್ಮ ಕಡೆಯ ಕನ್ನಡದವರೆಲ್ಲ ಸೇರಿ ನಾಡಹಬ್ಬ ಮಾಡುವವರಿದ್ದರು, ಸ್ಟೇಷನ್ನಿನಿಂದ ಬಯಲಿನವರೆಗೆ ತಾಯಿ ಭುವನೇಶ್ವರಿಯ ಪಟದ ಮೆರವಣಿಗೆ, ಮುಂದೆ ಈ ಎಂಟು ಮಂದಿಯ ಬ್ಯಾಂಡು. ಜನರ ಎದುರು ಅವರು ಬಾರಿಸುವುದು ಅದೇ ಮೊದಲು. ಅಪ್ಪ ಬಂದೇ ಬರುತ್ತೇನೆ ಅಂತ ಮಾತು ಕೊಟ್ಟರು.

ಆ ಮಾತು ಒಳಗೆ ಕೂತ ಅಜ್ಜಿಯ ಕಿವಿಗೆ ಬಿತ್ತು. ಅವತ್ತಿನಿಂದ ಅವಳು ಅನ್ನ ಬಿಟ್ಟಳು. ಬೈಯಲಿಲ್ಲ, ಅಳಲಿಲ್ಲ, ಗೆರೆಯ ಆಚೆ ಗೋಡೆಗೆ ಮುಖ ಮಾಡಿ ಮಲಗಿದಳು ಅಷ್ಟೇ. ಒಂದು ದಿನ, ಎರಡು ದಿನ. ಚಾಳಿನ ಹೆಂಗಸರು ಬಂದು ಇಣುಕಿ ನೋಡಿ ಅಪ್ಪನ ಮುಖ ನೋಡಿ ಹೋಗತೊಡಗಿದರು. ಮೂರನೆಯ ದಿನ ಅಪ್ಪ ಸೋತರು. ಇನ್ನು ಊದುವುದಿಲ್ಲ ಅಂತ ಅಜ್ಜಿಯ ಕಾಲು ಮುಟ್ಟಿದರು. ಅವಳಿಗೆ ಅಷ್ಟು ಸಾಲಲಿಲ್ಲ, ಬಾಯಿ ಶುದ್ಧವಾಗಬೇಕಿತ್ತು, ಪಂಚಗವ್ಯ ಆಗಬೇಕಿತ್ತು. ಸಣ್ಣ ತಂಬಿಗೆ ಹಿಡಿದು ತಬೇಲೆಗೆ ಹೋದವಳೂ ನಾನೇ. ನೂರು ಎಮ್ಮೆಗಳ ನಡುವೆ ಒಂದೇ ಒಂದು ಬಡಕಲು ಆಕಳು, ಅದರ ಹಿಂದೆ ಅರ್ಧ ತಾಸು ಕಾದು ನಿಂತು ಗಂಜಲ ಹಿಡಿದುಕೊಂಡು ಬಂದೆ. ಭಟ್ಟರು ಅದಕ್ಕೆ ಸಗಣಿ, ಹಾಲು, ಮೊಸರು, ತುಪ್ಪ ಸೇರಿಸಿ ಮಂತ್ರ ಹೇಳಿ ಕಲೆಸಿದರು. ಅವ್ವ ಬಾಗಿಲಲ್ಲಿ ನಿಂತು, "ನಿಮಗ ಬ್ಯಾಡ ಅನಸಿದ್ರ ಬ್ಯಾಡ ಅಂದ್ಬಿಡ್ರಿ" ಅಂದಳು. ಅವಳು ಅತ್ತೆಯ ಎದುರು ದನಿ ತೆಗೆದದ್ದು ಅದೊಂದೇ ಸಲ. ಅಪ್ಪ ಅಂಗೈಯಲ್ಲಿ ತೆಗೆದುಕೊಂಡು ಕುಡಿದರು. ಮೂರು ಸಲ. ಹಸಿರು ಹನಿಯೊಂದು ಗದ್ದಕ್ಕೆ ಇಳಿಯಿತು. ಶೀ, ಶೀ, ಎಂಥ ಹೇಸಿಗೆ! ಜತೆಯಲ್ಲಿ ನಡೆದ ಮನುಷ್ಯನ ಉಸಿರು ಹೇಸಿಗೆ, ದನದ ಉಚ್ಚೆ ಶುದ್ಧ! ನಾನು ಅವತ್ತು ಓಡಿಹೋಗಿ ಮೋರಿಯಲ್ಲಿ ವಾಂತಿ ಮಾಡಿದೆ. ಅಜ್ಜಿ ಎದ್ದು ಗಂಜಿ ಉಂಡಳು.

ಮೈಯಲ್ಲಿ ಆರಾಮಿಲ್ಲ, ಬರಲಾಗುವುದಿಲ್ಲ ಅಂತ ಅಪ್ಪ ಶೆಟ್ಟರ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರು. ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಆದರೆ ಅಜ್ಜಿಗೆ ತಾಯಿಯ ಪಟ ನೋಡಬೇಕಾಗಿತ್ತು. ಮೆರವಣಿಗೆಯ ದಿನ ಬೆಳಿಗ್ಗೆ ಕೋಟು ಹಾಕಿಕೊಂಡ ಮಗನನ್ನು ಮುಂದೆ ಮಾಡಿಕೊಂಡು, ನನ್ನ ಭುಜ ಹಿಡಿದು, ಸ್ಟೇಷನ್ ರೋಡಿನ ಫುಟ್‌ಪಾತಿಗೆ ಬಂದು ನಿಂತಳು. ಅವ್ವ ಬರಲಿಲ್ಲ, ತಲೆನೋವು ಅಂದಳು. ಮೊದಲು ಶೆಟ್ಟರ ಡ್ರಮ್ಮು ಕೇಳಿಸಿತು. ಆಮೇಲೆ ಏಳು ಜನ ಬಂದರು, ಬಿಳಿ ಪ್ಯಾಂಟು, ಸೊಂಟಕ್ಕೆ ಕೆಂಪು ಪಟ್ಟಿ. ಎರಡನೇ ಸಾಲಿನಲ್ಲಿ ಯಲ್ಲಪ್ಪನವರು ಬೆಸುಗೆಯ ಕಪ್ಪು ಗಂಟುಗಳಿದ್ದ ಕಾರ್ನೆಟ್ ಊದುತ್ತಿದ್ದರು. ಅವರ ಪಕ್ಕದ ಜಾಗ ಖಾಲಿ. ಅದನ್ನು ತುಂಬದೆ ಹಾಗೇ ಬಿಟ್ಟುಕೊಂಡು ನಡೆದಿದ್ದರು. ನಮ್ಮ ಹತ್ತಿರ ಬರುವಷ್ಟರಲ್ಲಿ ಅವರ ತುಟಿ ಸೋತಿತ್ತು, ಸ್ವರ ಒಡೆಯುತ್ತಿತ್ತು, ಕತ್ತಿನ ನರ ಉಬ್ಬಿದ್ದವು. ಆಗ ಅಪ್ಪನನ್ನು ಕಂಡರು. ಸುಳ್ಳು ಹೇಳಿದರಲ್ಲ ಅಂತ ಒಂದು ಚೂರೂ ಅನುಮಾನ ಇಲ್ಲ ನೋಡ್ರಿ ಆ ಮುಖದಲ್ಲಿ, ಬರೀ ಸಂತೋಷ. "ಆರಾಮಾತೇನ್ರಿ ಸಾಹೇಬ್ರ!" ಅಂದವರೇ ಹೆಜ್ಜೆ ಬಿಡದೆ ಕಾರ್ನೆಟ್ಟನ್ನು ಪಕ್ಕಕ್ಕೆ ಚಾಚಿದರು.

ಅಪ್ಪನ ಕೈ ಮೇಲೆದ್ದಿತು. ನಾನು ಕಣ್ಣಾರೆ ಕಂಡಿದ್ದೇನೆ, ಎದೆಯವರೆಗೂ ಎದ್ದಿತು. ಅಜ್ಜಿ ಪಟ ಬರುವ ದಾರಿಯನ್ನೇ ನೋಡುತ್ತಿದ್ದಳು. ಅಪ್ಪ ಆ ಕೈಯನ್ನು ಇನ್ನೊಂದು ಕೈಗೆ ಸೇರಿಸಿ ಯಲ್ಲಪ್ಪನವರಿಗೆ ನಮಸ್ಕಾರ ಮಾಡಿದರು. ಹಾಡು ಅಲ್ಲಿಗೇ ಕಡಿಯಿತು. ಯಲ್ಲಪ್ಪನವರು ನಿಂತಲ್ಲೇ ನಾಲ್ಕು ಹೆಜ್ಜೆ ಹಾಕುತ್ತ ಕಾದರು. ಅಪ್ಪನನ್ನು ನೋಡಿದರು, ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕಾರ್ನೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬರೀ ಡ್ರಮ್ಮಿನ ಜತೆ ನಡೆದುಹೋದರು.

ಬ್ಯಾಂಡು ಆ ದೀಪಾವಳಿಯವರೆಗೂ ಉಳಿಯಲಿಲ್ಲ. ಯಲ್ಲಪ್ಪನವರು ಕಾರ್ಖಾನೆ ಬಿಟ್ಟು ಎಲ್ಲಿಗೋ ಹೋದರು ಅಂತ ಶೆಟ್ಟರು ಒಮ್ಮೆ ಹೇಳಿದ್ದನ್ನು ಕೇಳಿದ್ದೆ. ಅಪ್ಪ ಲೋಕಲಿನ ಹೊತ್ತು ಬದಲಾಯಿಸಿಕೊಂಡರು. ಅಜ್ಜಿ ಹೋದಳು, ಅಪ್ಪ ಹೋದರು, ಅವ್ವ ಕೊನೆಗೆ ಹೋದಳು. ಚಾಳು ಇದ್ದ ಜಾಗದಲ್ಲಿ ಈಗ ಏಳು ಮಾಳಿಗೆಯ ಬಿಲ್ಡಿಂಗಿದೆ. ನೀವೂ ಇಂಥ ಮನೆಯೊಂದನ್ನು ಕಳೆದುಕೊಂಡಿರಬಹುದು, ಅಂಥದರ ಹಂಬಲ ನನಗೂ ಇದೆ. ಆ ಗ್ಯಾಲರಿಯ ಬಿಸಿಲು, ಅವ್ವನ ಗಂಜಿಯ ಬಟ್ಟೆಯ ವಾಸನೆ ಇನ್ನೊಮ್ಮೆ ಸಿಕ್ಕರೆ ಏನು ಬೇಕಾದರೂ ಕೊಟ್ಟೇನು. ಆದರೆ ನನ್ನ ಮನೆಯನ್ನು ನೆನೆದರೆ ಪ್ರೀತಿ, ಅಸಹ್ಯ ಎರಡೂ ಒಂದೇ ಗಂಟಲಿಗೆ ಬರುತ್ತವೆ, ಬಿಡಿಸಿ ಇಡಲಿಕ್ಕಾಗುವುದಿಲ್ಲ.

ಅವತ್ತು ಪಟ ಮುಂದೆ ಹೋದ ಮೇಲೆ ಜನರೆಲ್ಲ ಮೆರವಣಿಗೆಯ ಹಿಂದೆ ನಡೆದರು. ನಾವೂ ನಡೆದೆವು. ಮುಂದೆ ಶೆಟ್ಟರ ಡ್ರಮ್ಮು ಒಂದೇ ಸಮನೆ ಬೀಳುತ್ತಿತ್ತು. ಡ್ರಮ್ಮಿನ ಹಿಂದೆ ನಡೆಯುವವರ ಕಾಲು ತಾನಾಗಿಯೇ ಅದಕ್ಕೆ ಹೊಂದಿಕೊಳ್ಳುತ್ತದೆ, ನೀವೂ ನಡೆದು ನೋಡಿದ್ದರೆ ಗೊತ್ತಿರುತ್ತದೆ. ಹಣ್ಣು ಮಾರುವವನ ಕಾಲು, ಕೂಸನ್ನು ಎತ್ತಿಕೊಂಡ ಹೆಂಗಸಿನ ಕಾಲು, ನನ್ನ ಕಾಲು ಎಲ್ಲ ಒಟ್ಟಿಗೇ ಬೀಳುತ್ತಿದ್ದವು. ಅಜ್ಜಿಯ ಬರಿಗಾಲು ಕೂಡ, ಅವಳಿಗೆ ಗೊತ್ತೇ ಇಲ್ಲದೆ, ಎಡ ಬಲ, ಎಡ ಬಲ ಅಂತ ಸರಿಯಾಗಿ ಬೀಳುತ್ತಿತ್ತು. ಆ ರಸ್ತೆಯಲ್ಲಿ ಅಷ್ಟು ಜನರ ನಡುವೆ ಹೆಜ್ಜೆ ತಪ್ಪಿ ನಡೆಯುತ್ತಿದ್ದವರು ಅಪ್ಪನೊಬ್ಬರೇ. ಕಾಲು ತಾಳಕ್ಕೆ ಹೊಂದಿತು ಅನ್ನುವಾಗ ತಡೆದು, ಅರ್ಧ ಹೆಜ್ಜೆ ಬಿಟ್ಟು, ಮತ್ತೆ ತಪ್ಪಾಗಿ ಇಡುತ್ತಿದ್ದರು. ಬಯಲು ಬರುವವರೆಗೂ ಅಷ್ಟು ದೂರ ಅವರು ಹಾಗೆಯೇ ನಡೆದರು.